ಉಪ್ಪು ನೋಡುವ ಮೂಗು

ಫರಂಗಿಪೇಟೆಯ ಅಬ್ದುಲ್ಲರಿಗೆ ಹೆಂಡತಿಯ ಮೂಗಿನ ಚಿಂತೆ ಹತ್ತಿಕೊಂಡಿತು. ದುಬೈ ಬಿಟ್ಟು ಬಂದ ಮೇಲೆ ಅವರಿಗೆ ಬೇರೆ ಕೆಲಸವೂ ಇರಲಿಲ್ಲವೆನ್ನಿ. ಮೊಬೈಲಿನಲ್ಲಿ ವಿಜ್ಞಾನ ಓದುವುದೇ ಕೆಲಸ.

"ಜುಲೈಕಾ, ಅರವತ್ತು ದಾಟಿದವರಿಗೆ ವಾಸನೆ ತಿಳಿಯದಿದ್ದರೆ ಮೆದುಳಿಗೆ ಮುಪ್ಪು ಬಂತು ಅಂತ ಲೆಕ್ಕವಂತೆ. ವಿಜ್ಞಾನಿಗಳೇ ಹೇಳಿದ್ದು!" (‘ಬಂದಿರಲೂಬಹುದು’ ಎಂದಷ್ಟೇ ಅವರು ಹೇಳಿದ್ದು. ಅಬ್ದುಲ್ಲ ಅದನ್ನು ಹಾರಿಸಿ ಓದಿದ್ದರು.)

"ಅರವತ್ತು ದಾಟಿದ್ದು ನೀವಲ್ವಾ?" ಎಂದರು ಜುಲೈಕಾ, ಈರುಳ್ಳಿ ಹೆಚ್ಚುತ್ತ.

"ನನ್ನ ವಿಷಯ ಬಿಡು. ಅಡಿಗೆ ಮಾಡುವುದು ಯಾರು?"

ಪ್ರಶ್ನೆ ಗಂಭೀರವೇ. ರಂಜಾನಿನ ಉಪವಾಸದಲ್ಲಿ ಅಡಿಗೆಯನ್ನು ನಾಲಿಗೆ ತುದಿಗೆ ಮುಟ್ಟಿಸಿ ಉಗಿದರೆ ಅಡ್ಡಿಯಿಲ್ಲ ಎಂದು ಮಸೀದಿಯ ಉಸ್ತಾದರು ಹೇಳಿದರೂ ಜುಲೈಕಾ ಒಪ್ಪುವವರಲ್ಲ. ಮುಚ್ಚಳ ತೆಗೆದು ಮೂಸಿಯೇ ಉಪ್ಪು ನೋಡುವುದು ಅವರಿಗೆ ತಾಯಿಯಿಂದ ಬಂದ ವಿದ್ಯೆ. ಇವತ್ತು ಇಫ್ತಾರಿಗೆ ಬರುವವರೋ, ಮಗಳು ಶಬ್ನಾಳ ಜೊತೆ ಅವಳ ಅತ್ತೆ-ಮಾವ, ಅದೂ ಮದುವೆಯ ನಂತರ ಮೊದಲ ಸಲ. ಗಂಜಿಗೆ ಉಪ್ಪು ಹೆಚ್ಚುಕಮ್ಮಿಯಾದರೆ ಮಾನ ಮೂರು ಕಾಸಿಗೆ ಹರಾಜು.

ಅಬ್ದುಲ್ಲ ಹೆಂಡತಿಯ ಕಣ್ಣಿಗೆ ತಮ್ಮ ಶಾಲು ಕಟ್ಟಿ, ಡಬ್ಬಗಳನ್ನು ಒಂದೊಂದಾಗಿ ಮೂಗಿಗೆ ಹಿಡಿದರು.

"ಜೀರಿಗೆ. ಏಲಕ್ಕಿ. ಇದು ಮೆಂತೆ. ಇದು ನಿಮ್ಮ ಬೆವರು. ಸಾಕಾ? ಕೋಳಿ ಅಡಿ ಹಿಡಿದೀತು, ಬಿಡಿ ಮಾರಾಯ್ರೆ!"

ನೂರಕ್ಕೆ ನೂರು ಬಂದರೂ ಪರೀಕ್ಷಕರಿಗೆ ಸಮಾಧಾನವಿಲ್ಲ. ಜುಲೈಕಾ ಚಾವಡಿಗೆ ಚಾಪೆ ಹಾಸಲು ಹೋದದ್ದೇ ತಡ, ಗಂಜಿಯ ಪಾತ್ರೆಗೆ ಬಗ್ಗಿ ಉದ್ದಕ್ಕೆ ಮೂಸಿದರು. ಏನೂ ಇಲ್ಲ! ಮತ್ತೆ ಮೂಸಿದರು. ಉಪ್ಪು ಹೋಗಲಿ, ತೆಂಗಿನ ಹಾಲಿನ ಸುಳಿವೂ ಇಲ್ಲ. ‘ಪಾಪ, ಇವಳಿಗೆ ಶುರುವಾಗಿಯೇ ಬಿಟ್ಟಿತು’ ಎಂದು ಮರುಗಿದರು. ಹೆಂಡತಿಯ ಮರ್ಯಾದೆ ಕಾಯುವುದು ಗಂಡನ ಪರಮ ಕರ್ತವ್ಯ ತಾನೆ? ಒಂದು ಮುಷ್ಟಿ ಉಪ್ಪು ಸುರಿದು ತಿರುವಿದರು.

ಸಂಜೆ ಮಸೀದಿಯಿಂದ ಬಾಂಗ್ ಕೇಳಿತು. ಖರ್ಜೂರ, ನೀರು, ಬಳಿಕ ಗಂಜಿ. ಮೊದಲ ಗುಟುಕಿಗೇ ಮಾವನಿಗೆ ಕೆಮ್ಮು ಬಂತು. ಶಬ್ನಾ ನೀರಿನ ಜಗ್ಗಿಗೆ ಕೈಹಾಕಿದಳು. ಅತ್ತೆ ಬಟ್ಟಲು ಕೆಳಗಿಟ್ಟು ಸೊಸೆಯ ಮುಖ ನೋಡಿದರು. ಜುಲೈಕಾಗೆ ನೆಲ ಬಾಯಿಬಿಡಬಾರದೇ ಅನಿಸಿತು.

ಅಬ್ದುಲ್ಲ ಮಾತ್ರ ಬಟ್ಟಲು ಬರಿದು ಮಾಡಿ ಬಾಯಿ ಚಪ್ಪರಿಸಿದರು. "ಉಪ್ಪು ಎಷ್ಟು ಹದವಾಗಿ ಉಂಟು! ನಾನು ಒಂದು ಮುಷ್ಟಿ ಹಾಕದಿದ್ರೆ ಇವಳು ಸಪ್ಪೆ ಗಂಜಿಯೇ ಬಡಿಸ್ತಿದ್ದಳು."

ಜುಲೈಕಾಗೆ ಹೋದ ಜೀವ ಬಂತು. "ಬೇಸರ ಮಾಡ್ಬೇಡಿ," ಎಂದರು ಬೀಗಿತ್ತಿಗೆ. "ಮೂಗು ಹೋದರೆ ಮೆದುಳಿಗೆ ಮುಪ್ಪು ಅಂತ ಇವತ್ತು ಇವರೇ ಹೇಳಿದ್ದು. ಇವರಿಗೆ ನಾಲಿಗೆಯೂ ಹೋಗಿದೆ."

ಬೀಗಿತ್ತಿಯ ಕಣ್ಣಲ್ಲಿ ಕರುಣೆ ಉಕ್ಕಿತು. ಅಬ್ದುಲ್ಲರ ಕಡೆ ಬಾಗಿ, ಮಗುವನ್ನು ಮಾತಾಡಿಸುವಂತೆ ಮೆಲ್ಲನೆ ಕೇಳಿದರು:

"ಅಬ್ದುಲ್ಲಾಕ, ನಾನು ಯಾರು ಅಂತ ಗೊತ್ತಾಗ್ತದಾ?"