ಡಬ್ಬಾ ಟಿವಿಯ ಅಂತಿಮ ದರ್ಶನ

ಎಲ್ಲ ರಗಳೆಗೂ ಕಾರಣ ಒಂದು ಚೆಂಡು. ಪಾಲಿಸಿಯವರ ಮನೆಯ ಟಿವಿಯಲ್ಲಿ ಅದು ಕಾಣುತ್ತಿರಲಿಲ್ಲ. ಬೌಲರ್ ಓಡಿಬರುವುದು ಕಾಣುತ್ತಿತ್ತು, ಬ್ಯಾಟ್ಸ್‌ಮನ್ ಬ್ಯಾಟು ಬೀಸುವುದೂ ಕಾಣುತ್ತಿತ್ತು. ನಡುವೆ ಹೋಗಿಬರುವ ಚೆಂಡನ್ನು ಮಾತ್ರ ದೇವರ ಹಾಗೆ ಇದೆಯೆಂದು ನಂಬಿಕೊಳ್ಳಬೇಕಿತ್ತು. ಕೆಂಪು ಬಣ್ಣ ಎಂದೋ ಹೊರಟುಹೋಗಿದ್ದರಿಂದ ಆಟಗಾರರೆಲ್ಲ ಹಸಿರು ಮುಖ ಮಾಡಿಕೊಂಡು, ಅಜೀರ್ಣವಾದವರಂತೆ ಮೈದಾನದಲ್ಲಿ ತಿರುಗುತ್ತಿದ್ದರು. ಚಿತ್ರ ಬರಬೇಕಾದರೆ ಟಿವಿಯ ನೆತ್ತಿಗೆ ಎರಡು ಏಟು ಹಾಕಬೇಕು. ದನಿ ಏರಿಸಬೇಕಾದರೆ ಗುಂಡಿ ಮುರಿದ ಜಾಗಕ್ಕೆ ಪೆನ್ಸಿಲ್ ತುದಿ ತೂರಿಸಬೇಕು.

ಪಾಲಿಸಿಯವರು ಎಂದರೆ ವಿಮೆ ಏಜೆಂಟರು. ಬೀದಿಯವರು ಅವರ ನಿಜವಾದ ಹೆಸರು ಮರೆತು ಎಷ್ಟೋ ಕಾಲವಾಗಿತ್ತು. ಎದುರು ಕೂತವರಿಗೆ ಅವರದೇ ಸಾವನ್ನು ಮನಮುಟ್ಟುವಂತೆ ವರ್ಣಿಸಿ, ಕಣ್ಣಲ್ಲಿ ನೀರು ಬರುವ ಹೊತ್ತಿಗೆ ಸರಿಯಾಗಿ ಪೆನ್ನು ಮುಂದೆ ಹಿಡಿಯುವುದು ಅವರ ಕಸುಬು. ಹೊರಗೆ ಇಷ್ಟು ಬಾಯಿರುವ ಮನುಷ್ಯ ಹೆಂಡತಿಯ ಮುಂದೆ 'ಹೊಸ ಟಿವಿ ತಗೊಳ್ಳೋಣ' ಎಂಬ ಮೂರೇ ಮಾತು ಹೇಳಲಾರದೆ ಹೋಗಿದ್ದರು. ಯಾಕೆಂದರೆ ಆಕೆ ಆ ಟಿವಿಯನ್ನು ದಿನಾ ಒರೆಸುತ್ತಿದ್ದಳು. ಅದಕ್ಕೆಂದೇ ಕಸೂತಿ ಹಾಕಿದ ಬಟ್ಟೆ ಹೊದಿಸಿದ್ದಳು. ಮದುವೆಯಾದ ವರ್ಷ ಕೊಂಡದ್ದು; ಅದನ್ನು ಹೊರಗೆ ಹಾಕೋಣ ಅಂದರೆ ತನ್ನನ್ನೇ ಹೊರಗೆ ಹಾಕಿಯಾಳು ಎಂಬ ಭಯ ಅವರಿಗೆ. ಒಮ್ಮೆ ಧೈರ್ಯ ಮಾಡಿ, "ನಮ್ಮ ಮ್ಯಾನೇಜರ್ ಮನೆ ಟಿವಿ ಗೋಡೆಯಷ್ಟು ಅಗಲ ಇದೆ ಕಣೆ, ಹುಲ್ಲಿನ ಎಸಳೂ ಕಾಣತ್ತೆ," ಅಂದಿದ್ದರು. "ಹುಲ್ಲು ನೋಡೋಕೆ ಟಿವಿ ಯಾಕೆ, ಹಿತ್ತಲಿಗೆ ಹೋಗಿ," ಅಂದಿದ್ದಳು ಆಕೆ.

ಆ ಭಾನುವಾರ ಸಂಜೆ ಫೈನಲ್ ಪಂದ್ಯ. ಬೆಳಿಗ್ಗೆ ಹೆಂಡತಿ ತರಕಾರಿಗೆ ಹೊರಟದ್ದೇ ತಡ, ಪಾಲಿಸಿಯವರು ಬಾಗಿಲಿಗೆ ಚಿಲಕ ಹಾಕಿ ಟಿವಿಯ ಪ್ಲಗ್ ಕಿತ್ತರು. ಬಲ್ಬು ಬದಲಿಸುವುದಕ್ಕೂ ಪಕ್ಕದವರನ್ನು ಕರೆಯುವ ಮನುಷ್ಯ, ಪ್ಲಗ್ಗಿನ ಸ್ಕ್ರೂ ಬಿಚ್ಚಿ, ಒಳಗಿನ ಒಂದು ತಂತಿಯನ್ನು ಕಳಚಿ, ಮತ್ತೆ ಮೊದಲಿನ ಹಾಗೇ ಮುಚ್ಚಿಟ್ಟರು. ಇಂಥ ಡಬ್ಬಾ ಟಿವಿಯನ್ನು ಈಗ ಯಾವ ಅಂಗಡಿಯವನೂ ರಿಪೇರಿಗೆ ತಗೊಳ್ಳುವುದಿಲ್ಲ. ಹೆಂಡತಿ ಒಂದು ನಿಟ್ಟುಸಿರು ಬಿಡುತ್ತಾಳೆ, ಮಧ್ಯಾಹ್ನ ಇಬ್ಬರೂ ಅಂಗಡಿಗೆ ಹೋಗುತ್ತಾರೆ, ಸಂಜೆ ಚೆಂಡು ಕಾಣುತ್ತದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು, ಅಷ್ಟೆ.

ಆಕೆ ಬಂದು ಸ್ವಿಚ್ ಒತ್ತಿದಳು. "ರೀ, ಇದ್ಯಾಕೋ ಬರ್ತಿಲ್ಲ."

ಪಾಲಿಸಿಯವರು ಬಂದು ಎರಡು ಏಟು ಹಾಕಿದರು. ಮೂರನೆಯದನ್ನು ಬೆನ್ನು ತಟ್ಟುವಂತೆ ಮೆಲ್ಲಗೆ ಹಾಕಿದರು. ಆಮೇಲೆ ಕುರ್ಚಿಯಲ್ಲಿ ಕುಸಿದು, "ಹೋಯ್ತು ಕಣೆ," ಅಂದರು.

ಆಕೆ ಟಿವಿಯನ್ನೊಮ್ಮೆ, ಅವರನ್ನೊಮ್ಮೆ ನೋಡಿದಳು. ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ತನ್ನ ಮೇಲೆ ಅನುಮಾನ ಬರಬಾರದೆಂದರೆ ಅವಳಿಗಿಂತ ಹೆಚ್ಚು ತಾನೇ ದುಃಖಪಡಬೇಕು. ಕಸುಬಿನ ದನಿ ತಾನಾಗಿ ಹೊರಟಿತು. "ಎಷ್ಟು ವರ್ಷದ ಜೀವ. ಒಂದು ಮಾತೂ ಹೇಳದೆ ಹೋಗ್ಬಿಡ್ತಲ್ಲ."

ಕಿಟಕಿ ತೆರೆದಿತ್ತು. ಮೇಲಿನ ಮನೆಯ ನಿವೃತ್ತ ಬಸ್ ಡ್ರೈವರು ಮೆಟ್ಟಿಲು ಹಾರಿಕೊಂಡು ಬಂದರು. "ಯಾರು ಸಾರ್? ಯಾವಾಗ?" ಎದುರುಮನೆಯ ನರ್ಸಮ್ಮ ಬಿ.ಪಿ. ಮಿಷನ್ ಸಮೇತ ಬಂದವರು, ಕೇಳುವುದಕ್ಕೂ ಮುಂಚೆ ಪಾಲಿಸಿಯವರ ತೋಳಿಗೆ ಪಟ್ಟಿ ಸುತ್ತಿದರು. ಪಕ್ಕದಂಗಡಿಯ ಟೈಲರು ಕೊರಳಲ್ಲಿ ಅಳತೆ ಟೇಪು ನೇತಾಡಿಸಿಕೊಂಡೇ ಬಂದರು.

"ನಮ್ಮ ಟಿವಿ," ಅಂದರು ಪಾಲಿಸಿಯವರು.

"ಅಷ್ಟೇನಾ. ನಾನು ಯಾರೋ ಮನುಷ್ಯರು ಅಂದ್ಕೊಂಡೆ," ಎಂದು ಡ್ರೈವರು ಹಿಂದಿರುಗಲು ನೋಡಿದರು.

ಹೋಗಲು ಬಿಡಬೇಕಿತ್ತು. ಆದರೆ ಎದುರಿಗೆ ನಾಲ್ಕು ಜನ ಇದ್ದಾಗ ಸುಮ್ಮನಿದ್ದು ಆ ನಾಲಿಗೆಗೆ ಅಭ್ಯಾಸವಿರಲಿಲ್ಲ. "ಅಷ್ಟೇನಾ ಅನ್ಬೇಡಿ. ಮದುವೆಯಾದ ಹೊಸದರಲ್ಲಿ ನಾನು ತಾರಸಿ ಮೇಲೆ ನಿಂತು ಆಂಟೆನಾ ತಿರುಗಿಸೋನು. ಇವಳು ಕೆಳಗೆ ಕಿಟಕೀಲಿ ನಿಂತು 'ಬಂತು', 'ಹೋಯ್ತು' ಅನ್ನೋಳು. ಮೊದಲ ವರ್ಷ ನಾವಿಬ್ರೂ ಆಡಿದ ಮಾತೆಲ್ಲ ಆ ಎರಡೇ. ಜಗಳ ಆದ ದಿನ ಚಿತ್ರ ಬಂದಿದ್ರೂ 'ಹೋಯ್ತು' ಅಂತಾನೇ ಹೇಳಿ ನನ್ನ ಬಿಸಿಲಲ್ಲಿ ನಿಲ್ಲಿಸೋಳು."

ಹೆಂಡತಿ ತಲೆಯೆತ್ತಿದಳು. "ನಿಮಗೆ ಗೊತ್ತಿತ್ತಾ?"

"ಟಿವಿ ಹಾಡು ತಾರಸಿಗೂ ಕೇಳಿಸ್ತಿತ್ತಲ್ಲೇ. ಆದ್ರೂ ತಿರುಗಿಸ್ತಾನೇ ಇದ್ದೆ."

ನಾಟಕವೆಂದು ಶುರುಮಾಡಿದ್ದು ಅಲ್ಲಿಗೆ ಬರುವಾಗ ನಾಟಕವಾಗಿ ಉಳಿದಿರಲಿಲ್ಲ. ಪಾಲಿಸಿಯವರಿಗೆ ನಿಜವಾಗಿಯೂ ದುಃಖವಾಯಿತು. ಟೈಲರು ಮೂಗೊರೆಸಿಕೊಂಡು, "ನನ್ನ ಮದುವೆ ಕ್ಯಾಸೆಟ್ಟೂ ಇದ್ರಲ್ಲೇ ನೋಡಿದ್ದು. ಆಗ ನಾನೂ ತೆಳ್ಳಗಿದ್ದೆ," ಅಂದರು. ದುಃಖ ಎಷ್ಟಿದ್ದರೇನು, ಹೊಸ ಟಿವಿಯ ಆಸೆಯೂ ಅದರ ಪಕ್ಕದಲ್ಲೇ ಆರಾಮಾಗಿ ಕೂತಿತ್ತು. ಪೆನ್ನು ಮುಂದೆ ಹಿಡಿಯುವ ಹೊತ್ತು ಬಂತೆಂದು ಪಾಲಿಸಿಯವರು ಕಣ್ಣೊರೆಸಿಕೊಂಡು, "ಏನ್ಮಾಡೋದು, ಹಳೇದು ಹೋಗ್ಬೇಕು, ಹೊಸದು ಬರ್ಬೇಕು," ಎಂದು ಶುರುಮಾಡಿದರು.

"ಹೋಗೋಕೆ ನಾವು ಬಿಟ್ರೆ ತಾನೆ," ಎಂದು ಡ್ರೈವರು ತೋಳು ಮಡಿಚಿದರು. "ಜೀವಮಾನವೆಲ್ಲ ಬಸ್ಸು ಓಡಿಸಿದೀನಿ. ಯಾವ ಮಿಷನ್ನೂ ಸುಮ್ಮನೆ ಸಾಯಲ್ಲ ಸಾರ್."

"ಬೇಡಿ, ಮುಟ್ಟಬೇಡಿ. ನೆಮ್ಮದಿಯಾಗಿ ಹೋಗ್ಲಿ ಬಿಡಿ," ಎಂದು ಪಾಲಿಸಿಯವರು ಟಿವಿಗೆ ಅಡ್ಡ ನಿಂತರು.

ನರ್ಸಮ್ಮ ಹೆಂಡತಿಯ ಕಿವಿಯಲ್ಲಿ, "ಆಘಾತ ಆಗಿದೆ, ಪಾಪ. ಹತ್ತಿರದವರು ಹೀಗೇ ಆಡೋದು," ಅಂದರು.

ಟಿವಿಯನ್ನು ನೆಲಕ್ಕಿಳಿಸಬೇಕಾಯಿತು. ಭಾರದ ಕಡೆಯನ್ನು ಹಿಡಿಯುವ ಯೋಗ ಪಾಲಿಸಿಯವರದಾಯಿತು. ಸೊಂಟದಲ್ಲಿ ಏನೋ ಕಳಕ್ ಎಂದಿತು. ಹಿಂದಿನ ಮುಚ್ಚಳ ತೆಗೆದಾಗ ಹಾಸಿಗೆಯಷ್ಟು ಧೂಳು, ಒಂದು ಬಾಚಣಿಗೆ ಮತ್ತು ಹೆಂಡತಿ ತವರಿನಲ್ಲಿ ಕಳೆದುಹೋಯಿತೆಂದು ಇಂದಿಗೂ ಅತ್ತಿಗೆಯ ಮೇಲೆ ಗುಮಾನಿ ಇಟ್ಟುಕೊಂಡಿದ್ದ ಕೂದಲಿನ ಕ್ಲಿಪ್ಪು ಸಿಕ್ಕವು. ಟೈಲರು ಹೊಲಿಗೆ ಮಿಷನ್ನಿನ ಬ್ರಷ್ಷು ತಂದು ಮೂಲೆಮೂಲೆ ಒರೆಸಿದರು. ಮುರಿದ ಗುಂಡಿಯ ಜಾಗಕ್ಕೆ ಒಂದು ಕೋಟಿನ ಗುಂಡಿಯನ್ನೇ ಅಂಟಿಸಿದರು. ಡ್ರೈವರು ಸಡಿಲ ಇದ್ದದ್ದನ್ನೆಲ್ಲ ಬಿಗಿ ಮಾಡಿ, ಬಿಗಿ ಇದ್ದದ್ದನ್ನೆಲ್ಲ ಸಡಿಲ ಮಾಡಿದರು. ಇಷ್ಟಾದರೂ ಟಿವಿ ಕಣ್ಣು ಬಿಡಲಿಲ್ಲ. ಪಾಲಿಸಿಯವರಿಗೆ ಸೊಂಟ ನೋಯುತ್ತಿದ್ದರೂ ಮನಸ್ಸು ಹಗುರಾಯಿತು.

ಅಷ್ಟರಲ್ಲಿ ನರ್ಸಮ್ಮ, "ನಾವು ಆಸ್ಪತ್ರೇಲಿ ಮೊದಲು ನೋಡೋದು ಸಲೈನ್ ಟ್ಯೂಬು ಸರಿ ಇದೆಯಾ ಅಂತ. ಈ ವೈರು ನೋಡಿದ್ರಾ ಯಾರಾದ್ರೂ?" ಅಂದರು.

ಟೈಲರು ಪ್ಲಗ್ ಬಿಚ್ಚಿದರು. "ತಂತಿ ಕಳಚಿದೆ."

"ಇಲಿ," ಅಂದರು ಪಾಲಿಸಿಯವರು ತಟ್ಟನೆ.

"ಸ್ಕ್ರೂ ಬಿಚ್ಚಿ, ಒಳಗೆ ಹೋಗಿ, ವಾಪಸ್ ಬರುವಾಗ ಸ್ಕ್ರೂ ಹಾಕ್ಕೊಂಡು ಬಂದಿದೆಯಾ?" ಅಂದರು ಟೈಲರು.

"ಈ ಬೀದಿ ಇಲಿಗಳೇ ಹಾಗೆ," ಅಂದರು ಡ್ರೈವರು. "ನನ್ನ ಸ್ಕೂಟರ್ ಸ್ಪ್ಯಾನರೂ ಹೋಗಿದೆ."

ಟೈಲರು ಹಳೆಯ ವೈರನ್ನು ಎಸೆದು, ತಮ್ಮ ಇಸ್ತ್ರಿ ಪೆಟ್ಟಿಗೆಗೆಂದು ತಂದಿಟ್ಟಿದ್ದ ಹೊಸದನ್ನೇ ಜೋಡಿಸಿದರು. ಸ್ವಿಚ್ ಒತ್ತಿದ್ದೇ, ಒಂದು ಏಟೂ ತಿನ್ನದೆ ಟಿವಿ ಬೆಳಗಿತು; ಯಾವುದೋ ಹಳೆಯ ಪಂದ್ಯ ಬರುತ್ತಿತ್ತು. ಧೂಳು ಹೋದದ್ದಕ್ಕೋ ಡ್ರೈವರ ಕೈಗುಣಕ್ಕೋ, ಕೆಂಪು ಬಣ್ಣ ಮರಳಿ ಬಂದಿತ್ತು. ಆಟಗಾರರೆಲ್ಲ ಆಸ್ಪತ್ರೆಯಿಂದ ಬಿಡುಗಡೆಯಾದವರಂತೆ ಕಳೆಕಳೆಯಾಗಿದ್ದರು. ಚೆಂಡು ಮಾತ್ರ ಇನ್ನೂ ಕಾಣಲಿಲ್ಲ. ಪಾಲಿಸಿಯವರ ಕಣ್ಣಿಂದ ನೀರು ಧಾರೆಯಾಗಿ ಇಳಿಯಿತು. ಡ್ರೈವರು ಅವರನ್ನು ತಬ್ಬಿಕೊಂಡು ಬೆನ್ನು ಸವರಿದರು.

ಆಗ ಬಾಗಿಲ ಮುಂದೆ ವ್ಯಾನೊಂದು ನಿಂತಿತು. ಇಬ್ಬರು ಆಳುಗಳು ಬಾಗಿಲಗಲದ ಪೆಟ್ಟಿಗೆಯೊಂದನ್ನು ಇಳಿಸಿ, "ಮೇಡಂ, ನಿಮ್ಮ ಟಿವಿ. ಎಲ್ಲಿಡೋದು?" ಅಂದರು. ಪೆಟ್ಟಿಗೆಯ ಮೇಲೆ ಮೈದಾನದ ಚಿತ್ರ. ಹುಲ್ಲಿನ ಎಸಳುಗಳನ್ನು ಒಂದೊಂದಾಗಿ ಎಣಿಸಬಹುದಿತ್ತು.

ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಫೈನಲ್ಲಿಗೆ ಅಂತ ನಿಮಗೆ ಗೊತ್ತಾಗದ ಹಾಗೆ ನಾನೇ ತರಿಸಿದ್ದು ರೀ. ಆ ಡಬ್ಬ ನೋಡಿ ನೋಡಿ ನಂಗೂ ಸಾಕಾಗಿತ್ತು. ಆದ್ರೆ ನಿಮ್ಮ ಜೀವ ಅದ್ರಲ್ಲೇ ಇದೆ ಅಂತ ಇವತ್ತೇ ಗೊತ್ತಾಗಿದ್ದು." ಆಳುಗಳ ಕಡೆ ತಿರುಗಿ, "ಬೇಡಪ್ಪ, ವಾಪಸ್ ತಗೊಂಡ್ಹೋಗಿ," ಅಂದಳು.

ಪಾಲಿಸಿಯವರು ಬಾಯಿ ತೆರೆದರು. ಒಂದೇ ವಾಕ್ಯ ಸಾಕಿತ್ತು: ತಂತಿ ಕಿತ್ತದ್ದು ನಾನೇ ಕಣೆ. ಹೆಂಡತಿ ಅವರನ್ನೇ ನೋಡುತ್ತಿದ್ದಳು. ಎಷ್ಟೋ ವರ್ಷಗಳಿಂದ ಅವಳು ಹಾಗೆ ನೋಡಿರಲಿಲ್ಲ. ಆ ಮುಖ ಕಂಡು ಅವರಿಗೆ ಹಿತವೂ ಆಯಿತು, ಹೊಟ್ಟೆಯೂ ಉರಿಯಿತು. ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು.

"ಮಾತೇ ಹೊರಡ್ತಿಲ್ಲ, ಪಾಪ," ಅಂದರು ಡ್ರೈವರು. "ವಾಪಸ್ ಯಾಕಮ್ಮ ಕಳಿಸ್ತೀರಿ? ನಂಗೇ ಇರ್ಲಿ, ಅದರ ದುಡ್ಡು ನಾನು ಕೊಡ್ತೀನಿ." ಡ್ರೈವರ ಮನೆಗೆ ಏರಿಸುವಾಗ ಮೆಟ್ಟಿಲಿನ ತಿರುವಿನಲ್ಲಿ ಪೆಟ್ಟಿಗೆ ಸಿಕ್ಕಿಕೊಂಡಿತು. ಕೆಳಗಿನಿಂದ ಯಾರಾದರೂ ಹೆಗಲು ಕೊಡಬೇಕಿತ್ತು. ಪಾಲಿಸಿಯವರು ಒಂದು ಕೈಯಲ್ಲಿ ಸೊಂಟ ಹಿಡಿದುಕೊಂಡು ಹೆಗಲು ಕೊಟ್ಟರು.

ಸಂಜೆ ಪಂದ್ಯ ಶುರುವಾಗುವ ಹೊತ್ತಿಗೆ ಡ್ರೈವರು ಮತ್ತೆ ಬಾಗಿಲು ತಟ್ಟಿದರು. ಮುಖ ಬೆಳಗುತ್ತಿತ್ತು. "ಏನ್ ಟಿವಿ ಸಾರ್ ಅದು. ಬೌಲರ್ ಹಣೆ ಬೆವರೂ ಕಾಣತ್ತೆ. ಬೀದಿಯವರೆಲ್ಲ ಬಂದಿದಾರೆ, ನರ್ಸಮ್ಮ, ಟೈಲರು, ಎಲ್ಲ."

ಪಾಲಿಸಿಯವರು ಚಪ್ಪಲಿ ಮೆಟ್ಟಿಕೊಂಡರು.

"ನಿಮ್ಮನ್ನ ಮಾತ್ರ ಕರೆಯಲ್ಲ ಸಾರ್," ಎಂದು ಡ್ರೈವರು ಅವರ ಕೈ ಹಿಡಿದುಕೊಂಡರು. "ಇದನ್ನ ಬಿಟ್ಟು ಇನ್ನೊಂದರ ಮುಂದೆ ಕೂರೋದು ನಿಮ್ಮ ಕೈಲಾಗಲ್ಲ, ನಂಗಷ್ಟು ಅರ್ಥ ಆಗಲ್ವಾ? ಎರಡು ಕುರ್ಚಿ ಕಮ್ಮಿ ಬಿದ್ದಿದೆ, ತಗೊಂಡ್ಹೋಗ್ಲಾ?"

"ಇವಳೇ," ಎಂದು ಪಾಲಿಸಿಯವರು ಅಡುಗೆಮನೆಯ ಕಡೆ ಕೂಗಿದರು.

"ಅವರು ಆಗ್ಲೇ ಮೇಲಿದಾರೆ," ಅಂದರು ಡ್ರೈವರು ಕುರ್ಚಿ ಎತ್ತಿಕೊಳ್ಳುತ್ತ. "ಮುಂದಿನ ಸಾಲಲ್ಲೇ ಕೂರಿಸಿದೀನಿ. 'ಇವತ್ತೊಂದಿನ ಅವರನ್ನೂ ಟಿವಿನೂ ಅವರ ಪಾಡಿಗೆ ಬಿಡೋಣ' ಅಂದ್ರು."