ಮುನಿಯಪ್ಪನವರ ತೂಕ ಮತ್ತು ನನ್ನ ಕಾರಿನ ಮೈಲೇಜ್

ಎಂಥ ಸತ್ಯವಂತರಾದರೂ ಒಂದಲ್ಲ ಒಂದು ವಿಷಯದಲ್ಲಿ ಧಾರಾಳವಾಗಿ ಸುಳ್ಳು ಹೇಳುತ್ತಾರೆ. ಕೆಲವರು ತಮ್ಮ ವಯಸ್ಸಿನ ಬಗ್ಗೆ, ಕೆಲವರು ಮಕ್ಕಳ ಅಂಕಗಳ ಬಗ್ಗೆ. ಕಾರು ಇಟ್ಟುಕೊಂಡವರಂತೂ ಅದು ಲೀಟರಿಗೆ ಎಷ್ಟು ಓಡುತ್ತದೆ ಎಂಬುದರ ಬಗ್ಗೆ. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಪೀಣ್ಯದ ನಮ್ಮ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕೂತು ನಾನು ಹೇಳಿದ ಸುಳ್ಳು ಕಿಲೋಮೀಟರುಗಳನ್ನೆಲ್ಲ ಸೇರಿಸಿದ್ದರೆ ಅಷ್ಟರಲ್ಲೇ ಒಂದು ಸಲ ಕಾಶಿಗೆ ಹೋಗಿ ಬರಬಹುದಿತ್ತು. "ಎಷ್ಟು ಕೊಡುತ್ತೆ ಸಾರ್?" ಎಂದು ಯಾರಾದರೂ ಕೇಳಿದರೆ "ಹದಿಮೂರಕ್ಕೆ ಮೋಸ ಇಲ್ಲ" ಎನ್ನುತ್ತಿದ್ದೆ. ನಿಜವಾಗಿ ಅದು ಕೊಡುತ್ತಿದ್ದದ್ದು ಒಂಬತ್ತು. ನಿವೃತ್ತರಾಗಿ ಊರಿಗೆ ಹೊರಟಿದ್ದ ಅಧಿಕಾರಿಯೊಬ್ಬರಿಂದ ಕೊಂಡ ಹಳೆಯ ಕಾರದು. ಅವರೂ ನನಗೆ ಹದಿಮೂರೆಂದೇ ಹೇಳಿದ್ದರು.

ನಾನು ಕೆಲಸ ಮಾಡುತ್ತಿದ್ದದ್ದು ಇನ್‌ಸ್ಪೆಕ್ಷನ್ ವಿಭಾಗದಲ್ಲಿ. ಬೇರೆಯವರು ಬೆವರು ಸುರಿಸಿ ಮಾಡಿದ್ದನ್ನು ಅಳತೆ ಕಡ್ಡಿ ಹಿಡಿದು ನೋಡಿ "ಸರಿಯಿಲ್ಲ" ಎನ್ನುವುದೇ ನನ್ನ ಉದ್ಯೋಗ. ಮದುವೆಯಾದ ಹೊಸದರಲ್ಲಿ ಮನೆಯಲ್ಲೂ ಈ ಅಭ್ಯಾಸ ಮುಂದುವರಿಸಲು ಹೋಗಿ, ಚಪಾತಿಯ ದಪ್ಪದ ಬಗ್ಗೆ ಒಂದು ಮಾತಾಡಿ, ಮೂರು ದಿನ ಚಪಾತಿಯೇ ಇಲ್ಲದೆ ಇದ್ದೆ. ಶಾರದೆ ವೈಟ್‌ಫೀಲ್ಡಿನ ಶಾಲೆಯಲ್ಲಿ ಟೀಚರ್ ಆಗಿದ್ದರಿಂದ ನಾವು ಪಟ್ಟಂದೂರು ಅಗ್ರಹಾರದಲ್ಲಿ ಮನೆ ಮಾಡಿದ್ದೆವು. ಆಗ ಅಲ್ಲಿ ರಾಗಿ ಹೊಲ, ಹುಣಸೆ ಮರ, ಒಂದು ಕೆರೆ ಬಿಟ್ಟರೆ ದನಗಳು. ಈಗ ಆ ಜಾಗದಲ್ಲಿ ನಿಂತಿರುವ ಗಾಜಿನ ಕಟ್ಟಡಗಳ ಮುಂದೆ ನಿಂತು ನಮ್ಮ ಮನೆ ಎಲ್ಲಿತ್ತೆಂದು ಹುಡುಕಲು ಹೋದರೆ ಸೆಕ್ಯುರಿಟಿಯವನು ನನ್ನನ್ನೇ ಅನುಮಾನದಿಂದ ನೋಡುತ್ತಾನೆ.

ಮನೆಯ ಮಾಲೀಕರು ಮುನಿಯಪ್ಪನವರು. ಊರಿನ ಹಳೆಯ ಒಕ್ಕಲು ಮನೆತನದವರು. ನಮ್ಮ ಕಾರ್ಖಾನೆಯಲ್ಲೇ ಸ್ಟೋರ್‌ಕೀಪರ್. ನನಗೆ ಮನೆ ಕೊಟ್ಟವರೂ ಅವರೇ, ಕಾರು ಬಂದ ದಿನ ಅದರ ಚಕ್ರಕ್ಕೆ ನಿಂಬೆಹಣ್ಣು ಇಟ್ಟವರೂ ಅವರೇ. ಅಲ್ಲಿಯವರೆಗೆ ನಾವಿಬ್ಬರೂ ಬೆಳಕು ಹರಿಯುವ ಮೊದಲೇ ಎದ್ದು, ಮೆಜೆಸ್ಟಿಕ್‌ನಲ್ಲಿ ಬಸ್ಸು ಬದಲಾಯಿಸಿ, ಪೀಣ್ಯ ಸೇರುವಷ್ಟರಲ್ಲಿ ಅರ್ಧ ಜೀವವಾಗುತ್ತಿದ್ದೆವು. ಕಾರು ಬಂದ ಮೇಲೆ ಮುಂದಿನ ಸೀಟು ಅವರದಾಯಿತು. ಭಾರಿ ಆಳು. ಅವರು ಹತ್ತಿ ಕೂತಾಗ ಕಾರು ಆ ಕಡೆಗೆ ವಾಲಿ ಒಮ್ಮೆ ನಿಟ್ಟುಸಿರು ಬಿಡುತ್ತಿತ್ತು. ಹೂಡಿಯಿಂದ ಯಶವಂತಪುರದವರೆಗೆ ಅವರ ಮಾತು ನಿಲ್ಲುತ್ತಿರಲಿಲ್ಲ. ಯಾರ ಹೊಲದಲ್ಲಿ ಅವರೆ ಸೊಗಡಾಗಿದೆ, ಯಾವ ಬಾವಿಯಲ್ಲಿ ತಾವು ಈಜು ಕಲಿತದ್ದು, ಎಲ್ಲವೂ ದಾರಿಯಲ್ಲಿ ಬರುತ್ತಿದ್ದವು. ಅವರು ಊಟ ತರುತ್ತಿರಲಿಲ್ಲ. ಬೆಳಿಗ್ಗೆಯೇ ಮುದ್ದೆ ಉಂಡು, ಮಧ್ಯಾಹ್ನ ಕ್ಯಾಂಟೀನಿಗೆ ಹೋಗುತ್ತಿದ್ದರು. ನನ್ನ ಊಟದ ಕ್ಯಾರಿಯರ್ ಚೀಲವನ್ನೇ ಅವರು ಜೋಪಾನ ಮಾಡುತ್ತಿದ್ದರು. ಮೊದಲ ದಿನವೇ ನಾನು, "ಸಾರು ಚೆಲ್ಲೀತು ಮುನಿಯಪ್ಪನವರೇ, ಅಲ್ಲೇ ಮುಂದೆ ಎಲ್ಲಾದರೂ ತಗುಲಿಹಾಕಿ" ಎಂದಿದ್ದೆ.

ಒಂಬತ್ತನ್ನು ಹದಿಮೂರು ಮಾಡುವ ಹಟ ನನಗೆ ಹಿಡಿದದ್ದು ಆ ಚಳಿಗಾಲದಲ್ಲಿ. ಕ್ಯಾಂಟೀನಿನಲ್ಲಿ ಪ್ರತಿಯೊಬ್ಬರ ಹತ್ತಿರವೂ ಒಂದೊಂದು ಔಷಧಿ ಇತ್ತು. ಟೈರಿಗೆ ಗಾಳಿ ಕಡಿಮೆಯಿದ್ದರೆ ಪೆಟ್ರೋಲ್ ಕುಡಿಯುತ್ತದೆ ಎಂದರು, ಗಾಳಿ ಹಾಕಿಸಿದೆ. ಬ್ರೇಕು ಚಕ್ರವನ್ನು ಕಚ್ಚಿಕೊಂಡಿರಬಹುದು ಎಂದರು, ಸಡಿಲ ಮಾಡಿಸಿದೆ. ಕ್ಲಚ್ಚಿನ ಮೇಲೆ ಕಾಲಿಟ್ಟುಕೊಂಡೇ ಓಡಿಸುತ್ತೀರಿ ಎಂದರು. ಎಡಗಾಲನ್ನು ಸೀಟಿನ ಮೇಲೆ ಮಡಚಿಕೊಂಡು ಓಡಿಸಿದೆ. ಹಲಸೂರಿನ ಹತ್ತಿರ ಅದು ಸಮಯಕ್ಕೆ ಕೆಳಗಿಳಿಯದೆ ಒಂದು ತರಕಾರಿ ಗಾಡಿಗೆ ಮುತ್ತು ಕೊಡುವುದು ಸ್ವಲ್ಪದರಲ್ಲಿ ತಪ್ಪಿತು.

ಕೊನೆಗೆ ಎಲ್ಲರೂ ಬಂದು ನಿಂತದ್ದು ಎಂಜಿನ್ ಆಯಿಲಿಗೆ. ನಮ್ಮ ಮೆಕ್ಯಾನಿಕ್ ಬಾಷಾ ಗಟ್ಟಿ ಆಯಿಲಿನ ಪಕ್ಷ. "ಹಳೇ ಎಂಜಿನ್ ಸಾರ್, ಗಟ್ಟಿದೇ ಹಾಕ್ಬೇಕು" ಎಂದು ಜೇನುತುಪ್ಪದಂಥದ್ದನ್ನು ಸುರಿದ. ಡಿಸೆಂಬರ್ ಬೆಳಗಿನ ಚಳಿಯಲ್ಲಿ ಆ ಜೇನುತುಪ್ಪವನ್ನು ಕಲಕಲಾರದೆ ಎಂಜಿನ್ ನರಳಿತು, ಮೈಲೇಜ್ ಎಂಟೂವರೆಗೆ ಇಳಿಯಿತು. ತೆಳು ಆಯಿಲ್ ಹಾಕಿದೆವು. ಸ್ಟಾರ್ಟ್ ಆಗುವುದು ಸುಲಭವಾಯಿತು, ಮೈಲೇಜ್ ಮತ್ತೆ ಒಂಬತ್ತಕ್ಕೆ ಬಂದು ಕೂತಿತು. ಆಮೇಲೆ ತಣ್ಣಗಿದ್ದಾಗ ತೆಳುವಾಗಿ, ಬಿಸಿಯಾದಾಗ ತೀರಾ ತೆಳುವಾಗದೆ ಇರುವ ಹೊಸ ಬಗೆಯ ಆಯಿಲ್ ಬಂದಿದೆಯೆಂದು ಕೇಳಿ ಅದನ್ನೂ ತಂದೆ. "ಹೊತ್ತಿಗೆ ತಕ್ಕ ಹಾಗೆ ಬದಲಾಗುತ್ತೆ ಅಂದ್ರೆ ನಿಮ್ಮ ಆಫೀಸರ್ ಇದ್ದ ಹಾಗೆ ಅನ್ನಿ" ಎಂದಳು ಶಾರದೆ. ಅದಕ್ಕೂ ಒಂಬತ್ತೇ. ವಿಚಿತ್ರವೆಂದರೆ, ಬೇರೆಯವರ ಕಾರಿನಲ್ಲಿ ಆಯಿಲ್ ಕಡಿಮೆಯಾಗುತ್ತಿತ್ತು, ನನ್ನದರಲ್ಲಿ ಅಳತೆ ಕಡ್ಡಿ ಅದ್ದಿ ನೋಡಿದಾಗಲೆಲ್ಲ ಒಂದು ಕೂದಲಷ್ಟು ಹೆಚ್ಚೇ ಇರುತ್ತಿತ್ತು. ಆಯಿಲ್ ಉತ್ಪಾದಿಸುವ ಕಾರೆಂದು ಕ್ಯಾಂಟೀನಿನಲ್ಲಿ ಜಂಬ ಕೊಚ್ಚಿಕೊಂಡೆ. ಬಾಷಾ ಮಾತ್ರ ಕಡ್ಡಿಯನ್ನು ಮೂಗಿಗೆ ಹಿಡಿದು, "ಸಾರ್, ಇದ್ರಲ್ಲಿ ಪೆಟ್ರೋಲ್ ವಾಸ್ನೆ ಐತೆ. ಎಲ್ಲೋ ಜಾಸ್ತಿ ಪೆಟ್ರೋಲ್ ಓಗ್ತಾ ಐತೆ" ಎಂದ. ನಮ್ಮ ವಿಭಾಗದಲ್ಲಿ ಮೂಗಿಗೆ ಮಾನ್ಯತೆ ಇರಲಿಲ್ಲ. ಅವನ ಮಾತನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಉಳಿದದ್ದು ಒಂದೇ, ಭಾರ. ಡಿಕ್ಕಿಯಲ್ಲಿದ್ದ ಹಳೆಯ ಸ್ಪ್ಯಾನರುಗಳನ್ನು ತೆಗೆದೆ. ಶಾರದೆಯ ತಿದ್ದುವ ಪುಸ್ತಕಗಳ ಗಂಟನ್ನು ತೆಗೆದೆ. ಆಮೇಲೆ ತೆಗೆಯಲು ಉಳಿದವರು ಮುನಿಯಪ್ಪನವರು. ಸ್ಟೋರಿನ ತೂಕದ ಯಂತ್ರದ ಮೇಲೆ ಒಮ್ಮೆ ನಿಲ್ಲಲು ಕೇಳಿದೆ. ನಗುತ್ತಾ ನಿಂತು, ಮುಳ್ಳು ನೋಡಿ, "ತೊಂಬತ್ತೆರಡು ಸಾರ್. ಚೀಟಿ ಬರ್ಕೊಡ್ಲಾ?" ಎಂದರು. ನಾನು ನೆಲ ನೋಡುತ್ತಾ, ಪರೀಕ್ಷೆಗಾಗಿ ಒಂದು ಹದಿನೈದು ದಿನ ಒಬ್ಬನೇ ಹೋಗಿ ನೋಡುತ್ತೇನೆ ಎಂದೆ. ನಮ್ಮ ಕಾರ್ಖಾನೆಯಿಂದ ಯಾವ ಸಾಮಾನು ಹೊರಗೆ ಹೋಗಬೇಕಾದರೂ ಸ್ಟೋರಿನಿಂದ ಗೇಟ್ ಪಾಸ್ ಬೇಕು. ಅದರಲ್ಲಿ ಎರಡು ಬಗೆ, ವಾಪಸ್ ಬರುವ ಸಾಮಾನು, ವಾಪಸ್ ಬಾರದ ಸಾಮಾನು. ಮುನಿಯಪ್ಪನವರು ಯಂತ್ರದಿಂದ ಇಳಿಯುತ್ತಾ, "ಅಂಗಾರೆ ಗೇಟ್ ಪಾಸ್‌ನಾಗೆ ಏನಂತ ಬರೀಲಿ ಸಾರ್? ವಾಪಸ್ ಬರೋದಾ, ಬರ್ದೇ ಇರೋದಾ?" ಎಂದರು. "ಛೆ, ವಾಪಸ್ ಬರೋದೇ ಕಣ್ರೀ" ಎಂದು ನಾನೂ ನಕ್ಕೆ.

ಹದಿನೈದು ದಿನದ ಕೊನೆಗೆ ಟ್ಯಾಂಕ್ ತುಂಬಿಸಿ ಭಾಗಿಸಿ ನೋಡಿದೆ. ಹದಿಮೂರು! ಪೆಟ್ರೋಲ್ ಬಂಕಿನಲ್ಲೇ ಇನ್ನೊಮ್ಮೆ ಭಾಗಿಸಿದೆ. ಹದಿಮೂರಕ್ಕೆ ಮೋಸವಿರಲಿಲ್ಲ. ಜೀವನದಲ್ಲಿ ಮೊದಲ ಬಾರಿಗೆ ಕ್ಯಾಂಟೀನಿನಲ್ಲಿ ನಿಜ ಹೇಳಿದೆ, ಯಾರೂ ನಂಬಲಿಲ್ಲ. ಇಷ್ಟಾದ ಮೇಲೆ ಮುನಿಯಪ್ಪನವರನ್ನು ಮತ್ತೆ ಕರೆಯಲು ಬಾಯಿ ಬರಲಿಲ್ಲ. ಇನ್ನೊಂದು ಹದಿನೈದು ದಿನ ನೋಡೋಣ ಎಂದುಕೊಂಡೆ. ಹೀಗೆ ಎರಡು ತಿಂಗಳಾಯಿತು. ನಾನು ಹಲ್ಲುಜ್ಜುವ ಹೊತ್ತಿಗೆ ಅವರು ತಲೆಗೆ ಟವೆಲ್ ಸುತ್ತಿಕೊಂಡು ಬಸ್ಸಿಗೆ ನಡೆದು ಹೋಗುವುದು ಕಿಟಕಿಯಲ್ಲಿ ಕಾಣುತ್ತಿತ್ತು. ನಾನು ಕಿಟಕಿಯಿಂದ ಆಚೆ ಸರಿದು ಹಲ್ಲುಜ್ಜುವುದನ್ನು ಕಲಿತೆ. ಅವರ ಮನೆಯಿಂದ ಅವರೆಕಾಯಿ ಬರುವುದು ನಿಲ್ಲಲಿಲ್ಲ. ಅದೇ ನನಗೆ ಜಾಸ್ತಿ ಚುಚ್ಚುತ್ತಿತ್ತು. ದಾರಿ ಉದ್ದವಾಯಿತು. ಪಕ್ಕದ ಸೀಟಿನಲ್ಲಿ ಕ್ಯಾರಿಯರ್ ಚೀಲ ಬೆಪ್ಪಾಗಿ ಕೂತಿರುತ್ತಿತ್ತು, ಅದು ಅವರೆಯ ಸುದ್ದಿ ಹೇಳುತ್ತಿರಲಿಲ್ಲ.

ಶಾರದೆಯ ಶಾಲೆಯ ವಾರ್ಷಿಕೋತ್ಸವ ಬಂತು. ಅವಳು ಕೆ.ಆರ್.ಪುರದಿಂದ ಏನೋ ತರಬೇಕೆಂದು ಮುಂದಿನ ಸೀಟಿನಲ್ಲಿ ಕೂತಳು, ತಿಂಡಿಯ ಚೀಲವನ್ನು ಮುಂದಿದ್ದ ಒಂದು ಗುಬುಟಿಗೆ ತಗುಲಿಸಿದಳು. ಹೂಡಿ ಹತ್ತಿರ ಬರುವಷ್ಟರಲ್ಲಿ ಎಂಜಿನ್ ಮುಗ್ಗರಿಸತೊಡಗಿತು, ಕನ್ನಡಿಯಲ್ಲಿ ಹಿಂದೆ ಕಪ್ಪು ಹೊಗೆ. ಬಗ್ಗಿ ನೋಡಿದೆ. ಶಾರದೆ ಚೀಲ ತಗುಲಿಸಿದ್ದದ್ದು ಚೋಕಿಗೆ! ಬೆಳಿಗ್ಗೆ ತಣ್ಣಗಿರುವ ಎಂಜಿನ್ನಿಗೆ ಒಂದು ನಿಮಿಷ ಹೆಚ್ಚು ಪೆಟ್ರೋಲ್ ಕುಡಿಸಲು ಎಳೆದು, ತಕ್ಷಣ ಒಳಗೆ ತಳ್ಳಬೇಕಾದ ಗುಬುಟಿ ಅದು. ರಸ್ತೆಯ ಕುಲುಕಾಟಕ್ಕೆ ಚೀಲ ಜಗ್ಗಿ ಜಗ್ಗಿ ಅದು ಎರಡು ಬೆರಳು ಹೊರಗೆ ಬಂದಿತ್ತು.

"ಅಯ್ಯೋ, ಅದಕ್ಕೆ ಯಾಕೆ ಹಾಕಿದೆ?" ಎಂದು ಕೂಗಿದೆ.

"ಮುನಿಯಪ್ಪನವರು ದಿನಾ ಅದಕ್ಕೇ ತಾನೇ ಹಾಕ್ತಿದ್ದದ್ದು? ನಾನು ಗೇಟಲ್ಲಿ ನಿಂತು ಎಷ್ಟು ಸಲ ನೋಡಿದೀನಿ. ಎಲ್ಲಾದರೂ ತಗುಲಿಹಾಕಿ ಅಂದವರು ನೀವೇ ಅಂತೆ" ಎಂದಳು.

ನನಗೆ ಒಮ್ಮೆಲೇ ಎಲ್ಲವೂ ಅರ್ಥವಾಯಿತು. ಪೀಣ್ಯ ಬಂದ ಕೂಡಲೇ ಮುನಿಯಪ್ಪನವರು ಚೀಲ ತೆಗೆದು, ಆ "ಕೊಕ್ಕೆ"ಯನ್ನು ಒಳಗೆ ತಳ್ಳಿ ಇಳಿಯುತ್ತಿದ್ದರು. ತೆಗೆದದ್ದನ್ನು ಅದರ ಜಾಗಕ್ಕೆ ಇಡುವುದು ಸ್ಟೋರಿನವರ ಅಭ್ಯಾಸ. ಚೀಲ ಅವರ ಭಾರಿ ಮೈಯ ಮರೆಯಲ್ಲಿರುತ್ತಿತ್ತು, ಅದರ ಭಾರಕ್ಕೆ ಗುಬುಟಿ ಕಪ್ಪು ಹೊಗೆ ಬರುವಷ್ಟು ಈಚೆಗೆ ಬರುತ್ತಲೂ ಇರಲಿಲ್ಲ, ಹಾಗಾಗಿ ನನಗೆ ಗೊತ್ತೇ ಆಗಲಿಲ್ಲ. ಉರಿಯದೆ ಉಳಿದ ಪೆಟ್ರೋಲ್ ಆಯಿಲಿಗೆ ಇಳಿದು ಅದನ್ನು ಹೆಚ್ಚಿಸುತ್ತಿತ್ತು. ಬಾಷಾನ ಮೂಗೇ ಸರಿ. ಮೈಲೇಜ್ ತಿಂದದ್ದು ಮುನಿಯಪ್ಪನವರ ತೊಂಬತ್ತೆರಡು ಕೆಜಿಯಲ್ಲ, ನನ್ನ ಹುಳಿ ಅನ್ನದ ಎರಡು ಕೆಜಿ. ನನಗೆ ನಾಚಿಕೆಯಾಯಿತು. ಇಷ್ಟು ನಾಚಿಕೆ ನನಗೆ ಮೊದಲು ಆಗಿರಲಿಲ್ಲ.

ಅಂದೇ ಸಂಜೆ ಅವರ ಮನೆಗೆ ಹೋದೆ. ಜಗುಲಿಯ ಮೇಲೆ ಕೂತು ಅವರೆ ಸುಲಿಯುತ್ತಿದ್ದರು. ಚೋಕಿನ ಕಥೆಯನ್ನು ತಡವರಿಸುತ್ತಾ ಹೇಳಿದೆ. ಅವರು ಪೂರ್ತಿ ಕೇಳಿ, "ಅಯ್ಯೋ ಸಾರ್, ಅದು ಕೊಕ್ಕೆ ಅಲ್ವಾ? ನಿಮ್ ಪೆಟ್ರೋಲ್ ಎಲ್ಲಾ ನಾನೇ ಸುಟ್ಬುಟ್ನಾ?" ಎಂದು ತಾವೇ ನೊಂದುಕೊಂಡರು. "ನಾಳೆಯಿಂದ ಬರ್ತೀರಾ ಮುನಿಯಪ್ಪನವರೇ?" ಎಂದೆ. ಅವರು ಒಂದು ಹಿಡಿ ಅವರೆಕಾಳನ್ನು ನನ್ನ ಕೈಗೆ ಹಾಕುತ್ತಾ, "ನಾನು ವಾಪಸ್ ಬರೋ ಸಾಮಾನು ಅಂತ್ಲೇ ಬರ್ಕಂಡಿದ್ದೆ ಸಾರ್. ಒಸಿ ತಡ ಆಯ್ತು, ಅಷ್ಟೇಯ" ಎಂದರು.

ಅವರು ಮತ್ತೆ ಹತ್ತಿ ಕೂತ ಮೇಲೆ ಮೈಲೇಜ್ ಹನ್ನೆರಡೂವರೆಯಾಯಿತು. ಆ ಅರ್ಧ ಕಿಲೋಮೀಟರನ್ನು ನಾನು ಯಾರಿಗೂ ಹೇಳಲಿಲ್ಲ. ಅವರು ನಿವೃತ್ತರಾಗುವವರೆಗೂ ಕ್ಯಾಂಟೀನಿನಲ್ಲಿ ಹದಿಮೂರೆಂದೇ ಸುಳ್ಳು ಹೇಳಿದೆ.

ಈಗ ನನ್ನ ಹತ್ತಿರ ಹೊಸ ಕಾರಿದೆ. ಚೋಕಿಲ್ಲ, ಭಾಗಾಕಾರವಿಲ್ಲ, ಪರದೆಯ ಮೇಲೆ ತಾನೇ ಹತ್ತೊಂಬತ್ತೆಂದು ಬರೆದು ತೋರಿಸುತ್ತದೆ. ಶಾರದೆ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಮಲಗಿಬಿಡುತ್ತಾಳೆ. ಮೊನ್ನೆ ಮಾರ್ಕೆಟ್ಟಿನಿಂದ ಬರುವಾಗ ಅವರೆಕಾಯಿ ಚೀಲವನ್ನು ಮುಂದಿನ ಸೀಟಿನ ಮೇಲಿಟ್ಟೆ. ಕಾರು ಕುಯ್ಯೋ ಎಂದು ಕೂಗತೊಡಗಿತು. ಭಾರ ಕಂಡು, ಅಲ್ಲಿ ಯಾರೋ ಕೂತಿದ್ದಾರೆ, ಬೆಲ್ಟ್ ಹಾಕಿಲ್ಲ ಎಂದು ಅದರ ತಕರಾರು. ಚೀಲವನ್ನು ಕೆಳಗಿಟ್ಟರೆ ಸಾಕಿತ್ತು. ನಾನು ಬೆಲ್ಟ್ ಎಳೆದು ಅದಕ್ಕೆ ಹಾಕಿದೆ, ಹೂಡಿ ಬರುವವರೆಗೂ ನಿಧಾನವಾಗಿ ಓಡಿಸಿದೆ.