ಪೆನ್ನಕ್ ದೋಣಿಕಟ್ಟೆ ಕಟ್ಟಿಸಲು ಹೊರಟದ್ದು

ಆರ್ವಿಲ್ ಪೆನ್ನಕ್ ಆ ದಿನ ಬೆಳಿಗ್ಗೆ ಮಾಡಿದ ತಪ್ಪು ಒಂದೇ. ನೆರೆಯವಳ ಅಭಿಪ್ರಾಯ ಕೇಳಿದ.

ಕೇಳದೆ ಇರುವ ಹಾಗೂ ಇರಲಿಲ್ಲ. ಎರಡು ವರ್ಷದ ಹಿಂದೆ ಯಾರನ್ನೂ ಕೇಳದೆ ಮನೆಯ ಮುಂದೆ ಸರೋವರಕ್ಕೆ ತನ್ನ ಕೈಯಾರೆ, ದೋಣಿ ಹತ್ತಿ ಇಳಿಯಲು ಹಲಗೆಯ ಒಂದು ದೋಣಿಕಟ್ಟೆ ಕಟ್ಟಿದ್ದ. ಟೊರಾಂಟೊದಲ್ಲಿ ಜೀವಮಾನವೆಲ್ಲ ಪಿಯಾನೋಗಳ ಶ್ರುತಿ ಸರಿಮಾಡಿದ ಕೈ; ಮರ, ತಂತಿ, ಮೊಳೆಗಳ ಸ್ವಭಾವ ತನಗೆ ಗೊತ್ತು ಎಂಬ ಧೈರ್ಯ. ಕಟ್ಟೆಯೂ ಪಿಯಾನೋದ ಹಾಗೆಯೇ ಆಯಿತು. ಒಂದು ಹಲಗೆ ತುಳಿದರೆ ಇನ್ನೊಂದು ಏಳುತ್ತಿತ್ತು. ಈ ಸಲದ ಚಳಿಗಾಲದಲ್ಲಿ ಮಂಜುಗಡ್ಡೆ ಆ ಕಟ್ಟೆಯ ಒಂದು ಕಾಲು ಮುರಿಯಿತು. ಮೇ ತಿಂಗಳಲ್ಲಿ ಆ ಕಟ್ಟೆ ಅವನ ಹೆಂಡತಿ ಹೆಸ್ಟರಳ ಸೊಂಟ ಮುರಿಯಿತು.

ಅವರ ಮನೆಗೆ ರಸ್ತೆಯಿಲ್ಲ. ಬರಬೇಕಾದರೂ ಹೋಗಬೇಕಾದರೂ ನೀರೇ ದಾರಿ. ಆಸ್ಪತ್ರೆಯಿಂದ ಬಿಟ್ಟ ಮೇಲೆ ಹೆಸ್ಟರ್ ಆಚೆ ದಡದ ಪಟ್ಟಣದಲ್ಲಿ ತನ್ನ ಅಕ್ಕ ಬರ್ನಿಸಳ ಮನೆಯಲ್ಲಿ ಉಳಿದಿದ್ದಳು. ಪ್ರತಿ ಸಂಜೆ ಫೋನು.

"ಅಲುಗಾಡದ ಕಟ್ಟೆ ಕಟ್ಟಿಸು, ಬರ್ತೀನಿ. ಅಲ್ಲೀವರೆಗೂ ನಾನು ದೋಣೀಲಿ ಕಾಲಿಡಲ್ಲ. ನೀನು ಕಟ್ಟಬೇಡ, ಆರ್ವಿಲ್. ಕಸುಬಿನವರ ಕೈಲಿ ಕಟ್ಟಿಸು. ನಾಲ್ಕು ಜನರನ್ನ ಕೇಳಿ ಕಟ್ಟಿಸು."

ಆರ್ವಿಲ್ ದಿನಾ ಬೆಳಿಗ್ಗೆ ಮೇಜಿನ ಮೇಲೆ ಎರಡು ಬಟ್ಟಲು ಇಡುತ್ತಿದ್ದ. ಆಮೇಲೆ ನೆನಪಾಗಿ ಒಂದನ್ನು ಒಳಗಿಡುತ್ತಿದ್ದ. ದೇವರು ಒಮ್ಮೆ ಜೊತೆ ಕೊಟ್ಟ ಮೇಲೆ ಮನುಷ್ಯ ಒಂಟಿಯಾಗಿ ಚಹಾ ಕುಡಿಯಲು ಕಲಿಯುವುದಿಲ್ಲ.

ಆ ದಿನ ಅವನು ಚಹಾ ಹಿಡಿದುಕೊಂಡು ದಡದಲ್ಲಿ ಶತಪಥ ಹಾಕುತ್ತಿದ್ದಾಗ ಕಟ್ಟೆ ಕಟ್ಟುವ ಟ್ರೂಮನ್ ಸ್ಲೀತನ ಬಾರ್ಜು ಬಂತು. ಚಪ್ಪಟೆಯಾದ ದೊಡ್ಡ ಕಬ್ಬಿಣದ ತೆಪ್ಪ. ಅದರ ಮೇಲೆ ಕಂಬ ಬಡಿಯುವ ಯಂತ್ರ, ಒಂದೇ ಕೊಂಬಿನ ಮೂಸ್ ಮೃಗ ಕತ್ತೆತ್ತಿ ನಿಂತ ಹಾಗೆ. ಸ್ಲೀತ್ ಎಂಜಿನ್ ತಗ್ಗಿಸಿ ಕೂಗಿದ.

"ಪೆನ್ನಕ್‌ರೇ! ಅದು ದೋಣಿಕಟ್ಟೇನಾ, ಬೀವರ್ ಪ್ರಾಣಿ ಕಡ್ಡಿ ಕಚ್ಚಿ ತಂದು ಕಟ್ಟಿದ ಅಣೆಕಟ್ಟಾ?"

"ನಾನೇ ಕಟ್ಟಿದ್ದು," ಎಂದ ಆರ್ವಿಲ್.

"ಹಾಗಾದ್ರೆ ಬೀವರ್ ಹತ್ರ ಕ್ಷಮೆ ಕೇಳ್ತೀನಿ. ಕೇಳಿ ಇಲ್ಲಿ, ಉತ್ತರದ ಕೊಲ್ಲಿಯೋರು ಕೆಲಸ ಬೇಡ ಅಂದ್ರು. ಈ ವಾರ ಬಿಡುವಿದೆ. ಹೂಂ ಅಂದ್ರೆ ಈಗಲೇ ಕಂಬ ಇಳಿಸ್ತೀನಿ, ಶನಿವಾರದೊಳಗೆ ಮುಗೀತದೆ."

ಆರ್ವಿಲ್ ಹೂಂ ಎನ್ನಲು ಬಾಯಿ ತೆರೆದ. ಆಗ ನಾಲ್ಕು ಜನರನ್ನು ಕೇಳು ಎಂಬ ಹೆಸ್ಟರಳ ಮಾತು ಅಡ್ಡ ಬಂತು.

"ಸ್ವಲ್ಪ... ಯಾರನ್ನಾದರೂ ಒಂದು ಮಾತು ಕೇಳಿ..."

"ಕೇಳಿ ಕೇಳಿ. ಮಧ್ಯಾಹ್ನದವರೆಗೂ ದೋಣಿಗಳ ಪೆಟ್ರೋಲ್ ಕಟ್ಟೇಲಿ ಇರ್ತೀನಿ. ಆದ್ರೆ ಯಾರು ಮೊದಲು ಹೂಂ ಅಂತಾರೋ ಅವರಿಗೆ. ನನಗೆ ಕಾಯೋ ಅಭ್ಯಾಸ ಇಲ್ಲ."

ಬಾರ್ಜು ಹೋಯಿತು. ನೀರಿನ ಮೇಲೆ ಮಾತು ಎಣ್ಣೆಯ ಹಾಗೆ ಹರಡುತ್ತದೆ. ಆರ್ವಿಲ್ ಯಾರನ್ನೂ ಹುಡುಕಿಕೊಂಡು ಹೋಗಬೇಕಾಗಲಿಲ್ಲ. ಬಲಗಡೆಯ ನೆರೆಯವಳು ವಿನಿಫ್ರೆಡ್ ಗಾಲ್ಟ್ ಆಗಲೇ ತನ್ನ ಪುಟ್ಟ ದೋಣಿಯನ್ನು ದಡದ ಮರಳಿಗೆ ಏರಿಸುತ್ತಿದ್ದಳು. ಗಂಡ ಸತ್ತು ಹತ್ತು ವರ್ಷವಾದ ಮೇಲೂ ಊರಿನ ಗಂಡಂದಿರನ್ನೆಲ್ಲ ತಿದ್ದುವ ಹೊಣೆಯನ್ನು ಇಳಿಸದ ಹೆಂಗಸು. ಅವಳ ಮನೆ ಕೂಗಿದರೆ ಕೇಳುವಷ್ಟು ಹತ್ತಿರ. ಆದರೆ ನಡುವೆ ಮೇಕೆಯೂ ಯೋಚಿಸಿ ಹತ್ತುವಂಥ ಬಂಡೆ.

"ವಿನಿಫ್ರೆಡ್, ನಿನಗೇನನ್ನಿಸುತ್ತೆ?" ಎಂದು ಆರ್ವಿಲ್ ಕೇಳಿದ್ದು ಆಗಲೇ.

"ಸ್ಲೀತಾ?" ವಿನಿಫ್ರೆಡ್ ಎದೆಯ ಮೇಲೆ ಕೈಯಿಟ್ಟಳು. "ಅಯ್ಯೋ ನನ್ನಪ್ಪಾ! ಆ ಮನುಷ್ಯ ಚರ್ಚಿಗೆ ಬರಲ್ಲ. ಬಾಯಿ ತೆಗೆದ್ರೆ ಬೈಗುಳ. ಅವನ ಹತ್ರ ತೋರಿಸೋಕೆ ಕಟ್ಟೆಯ ಒಂದು ಬಣ್ಣದ ಚಿತ್ರ ಇದೆಯಾ, ಒಂದು ಪುಸ್ತಕ ಇದೆಯಾ? ಬೀದೀಲಿ ಸೌತೆಕಾಯಿ ಮಾರೋನ ಹಾಗೆ 'ಬೇಕಾ, ಬೇಡವಾ' ಅಂತಾನೆ. ನನ್ನ ಕಟ್ಟೇನೂ ಮಂಜುಗಡ್ಡೆಗೆ ಹೋಯ್ತಲ್ಲ, ನಾನೇನು ಅವಸರ ಪಟ್ಟಿದೀನಾ? ಕ್ರಿಸ್ಪಿನ್ ವೇಲ್‌ನ ಕರೆಸು. ದೊಡ್ಡ ಕಂಪನಿ. ಅವರ ಕೆಲಸಗಾರರು ಶೂಸ್ ಬಿಚ್ಚಿ ಕಟ್ಟೆ ಮೇಲೆ ಕಾಲಿಡ್ತಾರೆ."

"ಆದರೆ ಸ್ಲೀತ್ ಮಧ್ಯಾಹ್ನದವರೆಗೆ ಅಂತ ಹೇಳಿದಾನೆ."

"ಒತ್ತಾಯ ಮಾಡ್ತಾನಾ? ಒಬ್ಬಂಟಿ ಗಂಡಸು ಅಂತ ಹೆದರಿಸ್ತಾನಾ? ನೀನು ಸುಮ್ಮನಿರು. ನಾನೇ ಹೋಗಿ ಅವನಿಗೆ ಸರಿಯಾಗಿ ಹೇಳಿ ಬರ್ತೀನಿ."

ಬೇಡ ಎನ್ನುವುದರೊಳಗೆ ವಿನಿಫ್ರೆಡ್ ದೋಣಿ ತಳ್ಳಿಕೊಂಡು ಹೊರಟೇಹೋದಳು. ಹೋಗುತ್ತ ಫೋನು ಹಿಡಿದು ಕ್ರಿಸ್ಪಿನನನ್ನೂ ಕರೆದಳು.

ಎಡಗಡೆಯ ನೆರೆಯವನು ಲಾರ್ನ್ ಬ್ಯಾಬ್‌ಕಾಕ್. ತಾನು ಹೇಳಿದ್ದನ್ನು ಕೇಳದೆ ಕೆಟ್ಟವರ ಕತೆಗಳನ್ನು ಹೇಳುವುದೇ ನಿವೃತ್ತಿಯ ನಂತರ ಅವನ ಉದ್ಯೋಗ. ವಿನಿಫ್ರೆಡ್ ಮೊದಲು ಬಂದು ಹೋದಳೆಂದು ಅವನಿಗೆ ಹೊಟ್ಟೆಕಿಚ್ಚು.

"ಕಂಬದ ಕಟ್ಟೆ ಬೇಡವೇ ಬೇಡ," ಎಂದ ಅವನು ಬಂದವನೇ. "ಮಂಜುಗಡ್ಡೆ ಮತ್ತೆ ಮುರಿಯುತ್ತೆ. ತೇಲೋ ಕಟ್ಟೆ ಹಾಕು. ನನ್ನ ಷಡ್ಡಕ ಆಂಬ್ರೋಸ್ ಮಾರ್ತಾನೆ. ಕರಕೊಂಡೇ ಬಂದಿದೀನಿ."

ಆಂಬ್ರೋಸ್ ದೋಣಿಯ ಹಿಂದೆ ಹಗ್ಗ ಕಟ್ಟಿ ತನ್ನ ಸರಕನ್ನು ಎಳೆದೇ ತಂದಿದ್ದ: ನೀಲಿ ಪ್ಲಾಸ್ಟಿಕ್ ಡಬ್ಬಿಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಮಾಡಿದ ಚಾಪೆ. ಅದರ ಮೇಲೆ ನಿಂತು ಅವನು ಮಗುವಿನ ಹಾಗೆ ಕುಣಿದು ತೋರಿಸಿದ.

"ಆನೆ ಬಂದು ನಿಂತ್ರೂ ಮುಳುಗಲ್ಲ ಸಾರ್!"

"ಮುಳುಗೋದಲ್ಲ ನನ್ನ ಚಿಂತೆ. ಅಲುಗಾಡುತ್ತಾ?"

"ಎಲ್ಲಿ ಸಾರ್ ಅಲುಗಾಡೋದು? ಬನ್ನಿ, ನೀವೇ ಹತ್ತಿ ನೋಡಿ."

ಆರ್ವಿಲ್ ಹತ್ತಿ ಆಚೆ ತುದಿಗೆ ಹೋದ. ಅದೇ ಹೊತ್ತಿಗೆ ಲಾರ್ನ್ ತಾನೂ ಸಾಕ್ಷಿ ಹೇಳೋಣವೆಂದು ಈಚೆ ತುದಿಗೆ ಹತ್ತಿದ. ಲಾರ್ನನ ಮೈತೂಕ ಆನೆಯಷ್ಟಿಲ್ಲದಿದ್ದರೂ ಆನೆಮರಿಗೆ ಸಾಲುತ್ತಿತ್ತು. ಈಚೆ ತುದಿ ಕೆಳಗೆ ಹೋಯಿತು, ಆಚೆ ತುದಿ ಮೇಲೆ ಬಂತು. ಆರ್ವಿಲ್ ಬಾಣಲೆಯಿಂದ ಮಗುಚಿದ ದೋಸೆಯ ಹಾಗೆ ಗಾಳಿಯಲ್ಲಿ ಒಮ್ಮೆ ತಿರುಗಿ ಸರೋವರಕ್ಕೆ ಬಿದ್ದ. ಜೂನ್ ತಿಂಗಳ ನೀರು. ಮೂಳೆಯೊಳಗಿನ ಪಾಪವೆಲ್ಲ ತೊಳೆದುಹೋಗುವಷ್ಟು ತಣ್ಣಗೆ.

"ನೋಡಿದಿರಾ ಸಾರ್?" ಆಂಬ್ರೋಸ್ ಚಾಪೆಯ ನಡುವಿನಿಂದ ಸಂತೋಷದಲ್ಲಿ ಕೂಗಿದ. "ನೀವು ಬಿದ್ರಿ, ಕಟ್ಟೆ ಮುಳುಗಲಿಲ್ಲ!"

ಹಲ್ಲು ಕಟಕಟಿಸುತ್ತ ದಡ ಹತ್ತಿದ ಆರ್ವಿಲ್ ಮೊದಲು ನೋಡಿದ್ದು ಸೂರ್ಯನನ್ನು. ನೆತ್ತಿಗೆ ಇನ್ನೂ ಸ್ವಲ್ಪ ದೂರ. ಈಗ ಹೊರಟರೆ ಸ್ಲೀತ್ ಸಿಕ್ಕಾನು. ಬಟ್ಟೆ ಬದಲಿಸದೆ ತನ್ನ ತಗಡಿನ ದೋಣಿಯ ಕಡೆ ಓಡಿದ. ಹಗ್ಗ ಬಿಚ್ಚುವಷ್ಟರಲ್ಲಿ ಹೊಳೆಯುವ ಮರದ ದೋಣಿಯೊಂದು ಸದ್ದಿಲ್ಲದೆ ಬಂದು ಅವನಿಗೆ ಅಡ್ಡಲಾಗಿ ನಿಂತಿತು. ಅದರಲ್ಲಿ ಬಿಳಿ ಷರಾಯಿ, ಬಿಳಿ ನಗು, ಕ್ರಿಸ್ಪಿನ್ ವೇಲ್.

"ಪೆನ್ನಕ್ ಸಾರ್! ಶ್ರೀಮತಿ ಗಾಲ್ಟ್ ಹೇಳಿದ್ರು. ಈಜು ಮುಗಿಸಿದಿರಾ? ಬನ್ನಿ, ನಾವು ಮಾತಾಡಲ್ಲ, ನಮ್ಮ ಕೆಲಸ ಮಾತಾಡುತ್ತೆ. ಒಂದು ಸುತ್ತು ತೋರಿಸ್ತೀನಿ."

"ನನಗೆ ಪೆಟ್ರೋಲ್ ಕಟ್ಟೆಗೆ..."

"ದಾರೀಲೇ ಸಾರ್!"

ಅದು ದಾರಿಯಲ್ಲಿ ಇರಲಿಲ್ಲ. ಕ್ರಿಸ್ಪಿನ್ ಅವನಿಗೆ ಒಂದು ಶಾಲು ಹೊದಿಸಿ ಸರೋವರದ ಉದ್ದಕ್ಕೂ ತಾನು ಕಟ್ಟಿಸಿದ ಕಟ್ಟೆಗಳಿಗೆ ಒಂದೊಂದಕ್ಕೂ ಕರೆದೊಯ್ದ. ಪ್ರತಿ ಕಟ್ಟೆಯಲ್ಲೂ ಮನೆಯವರು ಹೊರಬಂದು ಆರ್ವಿಲನ ಕೈಗೆ ಬಟರ್ ಟಾರ್ಟ್ ಎಂಬ ಸಿಹಿತಿಂಡಿ ಇಟ್ಟರು, ಕಟ್ಟೆಯನ್ನು ಮೊಮ್ಮಗುವಿನ ಹಾಗೆ ಹೊಗಳಿದರು. ಕಟ್ಟೆಗಳು ನಿಜಕ್ಕೂ ಗಟ್ಟಿಯಾಗಿದ್ದವು. ಆರ್ವಿಲ್ ಪ್ರತಿಯೊಂದರ ಮೇಲೂ ಹೆಸ್ಟರಳ ಊರುಗೋಲನ್ನು ಮನಸ್ಸಿನಲ್ಲಿ ಊರಿ ನೋಡಿದ. ಎಲ್ಲಿಯೂ ಒಂದು ಕೂದಲೆಳೆ ಅಲುಗಲಿಲ್ಲ.

"ಬರೀ ಕಟ್ಟೆ ಸಾಕು ನನಗೆ," ಎಂದ.

"ದೋಣಿಮನೆ ಇಲ್ಲದ ಕಟ್ಟೆ ಟೋಪಿ ಇಲ್ಲದ ಪೊಲೀಸ್ ಇದ್ದ ಹಾಗೆ ಸಾರ್. ಯಾರೂ ಮರ್ಯಾದೆ ಕೊಡಲ್ಲ. ಎರಡು ದೋಣಿ ನಿಲ್ಲೋ ಅಂಥದ್ದು ಕಟ್ಟೋಣ."

"ನನ್ನ ಹತ್ತಿರ ಇರೋದು ಒಂದು ತಗಡಿನ ದೋಣಿ."

"ಇವತ್ತು ಒಂದು! ಮೇಲೊಂದು ಕೋಣೆ ಮಾಡಿಬಿಡೋಣ. ನಿಮ್ಮ ಹೆಂಡತಿಯ ಅಕ್ಕ ಬಂದು ತಿಂಗಳುಗಟ್ಟಲೆ ಇರಬಹುದು."

ಆರ್ವಿಲನಿಗೆ ನೀರಿನಲ್ಲಿ ಬಿದ್ದಾಗಲೂ ಬಾರದ ನಡುಕ ಈಗ ಬಂತು. ಸೂರ್ಯ ನೆತ್ತಿ ದಾಟಿ ಯಾವಾಗಲೋ ಆಗಿತ್ತು. ಸ್ಲೀತ್ ಇನ್ನು ಸಿಕ್ಕಲಾರ.

"ಕ್ರಿಸ್ಪಿನ್, ಒಂದೇ ಮಾತು ಹೇಳಿ. ಕೆಲಸ ಯಾವಾಗ ಶುರು ಮಾಡ್ತೀರಿ?"

"ಈ ವಾರವೇ ಸಾರ್. ನಿಮ್ಮ ಅದೃಷ್ಟ, ಇವತ್ತು ಬೆಳಿಗ್ಗೆ ತಾನೆ ಬಿಡುವಾಗಿದೆ. ಶನಿವಾರ ನಿಮ್ಮ ಮನೆಯವರು ರಾಣಿಯ ಹಾಗೆ ಇಳೀಬಹುದು."

ಶನಿವಾರ! ಆರ್ವಿಲ್ ಮನಸ್ಸಿನಲ್ಲೇ ದೇವರಿಗೆ ಕೈಮುಗಿದ. ಬೆಳಗಿನಿಂದ ಪಟ್ಟ ಪಾಡೆಲ್ಲ ಅವನ ಸಂಕಲ್ಪವೇ ಇದ್ದೀತು. ಒಳ್ಳೆಯದನ್ನು ಕೊಡುವ ಮುಂಚೆ ಒಂದು ಸಲ ಮುಳುಗಿಸಿ ತೆಗೆಯುವುದು ಅವನ ಹಳೆಯ ಪದ್ಧತಿ. ದೋಣಿಮನೆ, ಮೇಲಿನ ಕೋಣೆ ಎಲ್ಲಕ್ಕೂ ತಲೆಯಾಡಿಸಿ ಕೇಳಿದಲ್ಲೆಲ್ಲ ಸಹಿ ಹಾಕಿದ.

ಸಂಜೆ ಮನೆಯ ದಡಕ್ಕೆ ಬಂದಾಗ ವಿನಿಫ್ರೆಡ್ ಮತ್ತು ಲಾರ್ನ್ ಇಬ್ಬರೂ ಕಾದು ನಿಂತಿದ್ದರು. ತೇಲುವ ಕಟ್ಟೆ ಬೇಡವಾಯಿತೆಂಬ ಸಿಟ್ಟಿಗೆ ಲಾರ್ನನ ಮುಖ ಊದಿಕೊಂಡಿತ್ತು. ವಿನಿಫ್ರೆಡ್ ಮುಖದಲ್ಲಿ ಮಾತ್ರ ಪ್ರಾರ್ಥನೆ ಮುಗಿಸಿ ಬಂದವರ ಶಾಂತಿ.

"ಸಹಿ ಮಾಡಿದೆಯಾ? ಒಳ್ಳೇದಾಯ್ತು," ಎಂದಳು.

"ಬಾರ್ಜಿಗೆ ಒಂದು ಮಾತು ಹೇಳಿಬಿಡ್ತೀನಿ," ಎಂದು ಕ್ರಿಸ್ಪಿನ್ ಎಲ್ಲರಿಗೂ ಕೇಳುವ ಹಾಗೆ ಫೋನು ಹಚ್ಚಿದ. "ಹಲೋ, ಟ್ರೂಮನ್?"

ಆರ್ವಿಲನ ಕಿವಿ ನೆಟ್ಟಗಾಯಿತು.

"ಏನಪ್ಪಾ ಬಿಳೀ ಷರಾಯಿ," ಎಂದಿತು ಫೋನಿನಿಂದ ಸ್ಲೀತನ ಗಡಸು ಧ್ವನಿ.

"ಪೆನ್ನಕ್ ಅವರ ಕೆಲಸ ನಮಗೆ ಬಂತು. ನಾಳೆ ಬೆಳಿಗ್ಗೆ ಬಂದು ಕಂಬ ಬಡಿ."

"ನಾಳೆ ಎಲ್ಲಿಂದ ಬರ್ಲಿ? ಬಿಡುವಿದ್ದ ವಾರ ಮಧ್ಯಾಹ್ನವೇ ಹೋಯ್ತು. ಆ ಗಾಲ್ಟಮ್ಮ ಬಂದು ಮೊದಲು ಚೆನ್ನಾಗಿ ಬೈದ್ರು, ಆಮೇಲೆ ಬೆಲೆ ಕೇಳಿದ್ರು, ಆಮೇಲೆ ಹೂಂ ಅಂದ್ರು. ಇನ್ನು ಮೇಪಲ್ ಎಲೆ ಕೆಂಪಾದ ಮೇಲೆ ನೋಡೋಣ."

ಸ್ಲೀತ್ ಫೋನು ಇಟ್ಟುಬಿಟ್ಟ. ಕ್ರಿಸ್ಪಿನನ ಬಿಳಿ ನಗು ಸ್ವಲ್ಪ ಹಳದಿಯಾಯಿತು.

"ಸ್ಲೀತ್ ನಿಮ್ಮ ಕೆಲಸದವನಾ?" ಆರ್ವಿಲ್ ಕೇಳಿದ.

"ಎಲ್ಲರ ಕೆಲಸದವನೂ ಅವನೇ ಸಾರ್. ಈ ಸರೋವರಕ್ಕೆ ಇರೋದು ಒಂದೇ ಬಾರ್ಜು. ಪುಸ್ತಕ, ಚಿತ್ರ, ದೋಣಿ ಸವಾರಿ ನಮ್ಮದು. ಕಂಬ ಬಡಿಯೋದು ಅವನದು."

"ಇವತ್ತು ನಾನು ನೋಡಿದ ಅಷ್ಟು ಕಟ್ಟೆಗಳೂ..."

"ಅವನೇ ಬಡಿದದ್ದು."

"ಬೆಳಿಗ್ಗೆ ನಾನು ಹೂಂ ಅಂದಿದ್ರೆ?"

ಕ್ರಿಸ್ಪಿನ್ ತನ್ನ ಷರಾಯಿಯ ಮೇಲಿನ ಇಲ್ಲದ ಧೂಳನ್ನು ಕೊಡವಿದ. "ಈ ಹೊತ್ತಿಗೆ ನಾಲ್ಕು ಕಂಬ ನಿಂತಿರ್ತಿದ್ವು ಸಾರ್."

ಆರ್ವಿಲ್ ವಿನಿಫ್ರೆಡ್ ಕಡೆ ತಿರುಗಿದ. ಅವಳು ಕಣ್ಣು ತಗ್ಗಿಸಲಿಲ್ಲ.

"ಹಾಗೆ ನೋಡಬೇಡ, ಆರ್ವಿಲ್. ನಿನಗೋಸ್ಕರವೇ ಬೈಯಕ್ಕೆ ಹೋದದ್ದು. ನಿನಗಂತೂ ಅವನು ಬೇಡವಾಗಿದ್ದ. ಬಡವ ಬಾಯಿ ಹರುಕ ನಿಜ. ಹಾಗಂತ ಕೆಲಸವಿಲ್ಲದೆ ಕೂರಿಸೋದು ಕ್ರೈಸ್ತರ ಧರ್ಮವಾ?"

"ನಾನು ಅವಾಗ್ಲೇ ಹೇಳಿದ್ದೆ, ತೇಲೋ ಕಟ್ಟೆ," ಎಂದ ಲಾರ್ನ್.

ಆರ್ವಿಲ್ ಒಳಗೆ ಹೋದ. ಕೂತ, ಎದ್ದ, ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ನಡೆದ. ಎಲೆ ಕೆಂಪಾಗುವುದೆಂದರೆ ಬೇಸಿಗೆ ಇಡೀ ಮುಗಿಯಬೇಕು. ಹೆಸ್ಟರಳಿಗೆ ಹೇಗೆ ಹೇಳುವುದು? ಅವನು ಮೊದಲ ವಾಕ್ಯವನ್ನು ಹೊಂದಿಸಿಕೊಳ್ಳುತ್ತಿದ್ದಾಗಲೇ ಫೋನು ಬಡಿದುಕೊಂಡಿತು.

"ಆರ್ವಿಲ್! ನಾನು ಶನಿವಾರ ಬರ್ತಿದೀನಿ!" ಹೆಸ್ಟರಳ ದನಿಯಲ್ಲಿ ಇಷ್ಟು ಉಲ್ಲಾಸ ಕೇಳಿ ಎಷ್ಟು ದಿನವಾಗಿತ್ತೋ.

"ಬರ್ತೀಯಾ? ಆದರೆ ಹೆಸ್ಟರ್, ಕಟ್ಟೆ..."

"ಗೊತ್ತು, ಎಲ್ಲ ಗೊತ್ತು. ವಿನಿಫ್ರೆಡ್ ಫೋನ್ ಮಾಡಿದ್ಲು. ಶನಿವಾರ ಅವಳ ಕಟ್ಟೆ ಆಗಿಬಿಡುತ್ತಂತೆ. 'ನಿಮ್ಮದು ಆಗೋವರೆಗೂ ನಮ್ಮನೇಲೇ ಇರು ಬಾ' ಅಂದ್ಲು. ಎಂಥ ಮನಸ್ಸು ನೋಡು! ಬರ್ನಿಸೂ ಬರ್ತಾಳೆ, ಬೇಸಿಗೆ ಪೂರ್ತಿ."

"ಅಂದ್ರೆ ನೀನು... ಪಕ್ಕದ ಮನೇಲಿ?"

"ಆ ಬಂಡೆ ಹತ್ತಿ ನಮ್ಮನೆಗೆ ಬರೋಕೆ ನನಗೇನು ರೆಕ್ಕೆ ಇದೆಯಾ? ನೀನು ಭಾನುವಾರ ಊಟ ಆದ ಮೇಲೆ ದೋಣೀಲಿ ಬಾ. ಬರೋ ಮುಂಚೆ ವಿನಿಫ್ರೆಡ್‌ನ ಒಂದು ಮಾತು ಕೇಳು."

ಆರ್ವಿಲ್ ಗೋಡೆಗೆ ಒರಗಿದ. ಕಿಟಕಿಯಾಚೆ, ಬಂಡೆಯ ಮರೆಯಿಂದ ಬಾರ್ಜಿನ ಎಂಜಿನ್ ಸದ್ದು ಕೇಳಿತು. ಸ್ಲೀತ್ ಆಗಲೇ ವಿನಿಫ್ರೆಡ್ ಮನೆಯ ಮುಂದೆ ಕಂಬ ಇಳಿಸುತ್ತಿದ್ದ.

"ಆಮೇಲೆ ಇನ್ನೊಂದು," ಎಂದಳು ಹೆಸ್ಟರ್. "ಸ್ಲೀತ್‌ಗೆ ನಾಳೆಯಿಂದ ಹಲಗೆ ಹೊರೋಕೆ ಒಬ್ಬ ಆಳು ಬೇಕಂತೆ. ವಿನಿಫ್ರೆಡ್ ಕೇಳಿದ್ಲು. ನಿನಗೆ ಬೇರೇನು ಕೆಲಸ ಅಂತ ನಾನೇ ಒಪ್ಕೊಂಡೆ. ಬೇಗ ಮಲಗು. ಮತ್ತೆ ಹೇಳ್ತಿದೀನಿ ಕೇಳು, ಶನಿವಾರ ನಾನು ಇಳಿಯೋವಾಗ ಅವಳ ಕಟ್ಟೆ ಒಂಚೂರು ಅಲುಗಾಡಿದ್ರೂ ಕೇಳೋದು ನಿನ್ನನ್ನೇ."